ಹೋರಿ ಹಬ್ಬಕ್ಕೆ ಕಸದ ಡಬ್ಬ

ಮದುವೆಗೆ ಹೋದರೆ ಒಬ್ಬೊಬ್ಬರು ಒಂದೊಂದು ನೋಡುತ್ತಾರೆ. ಹೆಂಗಸರು ಮದುಮಗಳ ಸೀರೆಯ ಅಂಚು ನೋಡುತ್ತಾರೆ, ಗಂಡಸರು ಊಟದ ಮನೆಯ ಬಾಗಿಲು ತೆರೆಯಿತೋ ಇಲ್ಲವೋ ನೋಡುತ್ತಾರೆ. ನಾನು ಕಸದ ಡಬ್ಬ ಎಲ್ಲಿದೆ ಎಂದು ನೋಡುತ್ತೇನೆ. ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೇ, ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು? ಕೈ ತೊಳೆಯುವ ಜಾಗದಿಂದ ಡಬ್ಬ ಎಷ್ಟು ದೂರ, ಅದರ ಬಾಯಿ ಅಗಲವೋ ಕಿರಿದೋ, ಮುಚ್ಚಳ ಉಂಟೋ ಇಲ್ಲವೋ, ಇಷ್ಟೆಲ್ಲ ಖಾತ್ರಿಯಾದ ಮೇಲೆಯೇ ನನಗೆ ವಧೂವರರ ಮೇಲೆ ಅಕ್ಷತೆ ಹಾಕಲು ಮನಸ್ಸು ಬರುವುದು. ನನ್ನ ಹೆಂಡತಿ ಗಿರಿಜಾ ಈಚೆಗೆ ಮದುವೆ ಮಂಟಪಗಳಲ್ಲಿ ನನ್ನಿಂದ ಸಾಕಷ್ಟು ದೂರ ಕೂರುತ್ತಾಳೆ. ಯಾರಾದರೂ "ನಿಮ್ಮೋರು ಬಂದಿಲ್ವಾ?" ಎಂದು ಕೇಳಿದರೆ ಅಡುಗೆ ಮನೆಯ ಹಿಂಬದಿಗೆ ಕೈ ತೋರಿಸುತ್ತಾಳಂತೆ.

ಇದು ಹುಟ್ಟಿನಿಂದ ಬಂದ ಹುಚ್ಚಲ್ಲ. ಆನವಟ್ಟಿಯಲ್ಲಿ ನಮ್ಮದು ಪಾತ್ರೆ ಅಂಗಡಿ. ಅಪ್ಪನ ಕಾಲದಿಂದಲೂ ಕೊಡ, ತಪ್ಪಲೆ, ತಂಬಿಗೆ, ಕೊಳಗ ಮಾರಿಕೊಂಡು ಬಂದವರು ನಾವು. ನಮ್ಮ ಅಂಗಡಿಯಿಂದ ಹೋದ ಪಾತ್ರೆಗೆ ಹಾಲು ಬೀಳುತ್ತದೆ, ಸಾರು ಬೀಳುತ್ತದೆ, ಮನೆತುಂಬುವ ದಿನ ಅಕ್ಕಿ ಬೀಳುತ್ತದೆ ಎಂಬ ಹೆಮ್ಮೆಯಲ್ಲೇ ನಾನು ಐವತ್ತು ದಾಟಿದವನು. ಕಸ ಬೀಳುವ ಪಾತ್ರೆಯೂ ಒಂದು ಪಾತ್ರೆಯೇ, ಅದಕ್ಕೂ ಒಂದು ಸ್ಥಾನ ಮಾನ ಇದೆ ಎಂದು ನನಗೆ ಹೊಳೆದಿರಲೇ ಇಲ್ಲ. ಹೊಳೆಯುವಂತೆ ಮಾಡಿದ್ದು ನಮ್ಮೂರಿನ ಹೋರಿ ಹಬ್ಬ.

ನಮ್ಮೂರು ಇರುವುದು ಶಿಕಾರಿಪುರ ತಾಲೂಕಿನ ಅಂಚಿಗೆ, ತಾಳಗುಂದದ ಕಡೆ. ವ್ಯಾಪಾರ ಆನವಟ್ಟಿಯಲ್ಲಾದರೂ ಹಬ್ಬ ಹರಿದಿನಕ್ಕೆ ನಾನು ಊರಿನವನೇ. ದೀಪಾವಳಿ ಕಳೆದರೆ ಸಾಕು, ನಮ್ಮ ಕಡೆ ಒಂದೊಂದು ಊರಿನಲ್ಲಿ ಒಂದೊಂದು ದಿನ ಹೋರಿ ಬೆದರಿಸುವ ಹಬ್ಬ. ಹೋರಿಗೆ ಜೂಲ ಹೊದಿಸಿ, ಕೊಂಬಿಗೆ ಬಲೂನು ರಿಬ್ಬನ್ನು ಕಟ್ಟಿ, ಕೊರಳಿಗೆ ಒಣಕೊಬ್ಬರಿಯ ಹಾರ ಹಾಕಿ, ಜನರ ನಡುವಿನ ಓಣಿಯಲ್ಲಿ ಬಿಡುತ್ತಾರೆ. ಅದು ಬಿಲ್ಲಿನಿಂದ ಬಿಟ್ಟ ಬಾಣದ ಹಾಗೆ ಬರುತ್ತದೆ. ಹುಡುಗರು ನುಗ್ಗಿ ಕೊರಳಿನ ಕೊಬ್ಬರಿ ಕೀಳಬೇಕು, ಹೋರಿ ಕೀಳಗೊಡಬಾರದು. ಯಾರ ಕೈಗೂ ಸಿಗದೆ ಆಚೆ ದಾಟಿದ ಹೋರಿಗೆ ಆ ದಿನ ಸಿಗುವ ಮರ್ಯಾದೆ ಮಂತ್ರಿಗಳಿಗೂ ಸಿಗುವುದಿಲ್ಲ. ಹೋರಿಯ ಯಜಮಾನನ ಹೆಸರು ಪಕ್ಕದ ಓಣಿಯವರಿಗೂ ಗೊತ್ತಿರುವುದಿಲ್ಲ, ಹೋರಿಯ ಹೆಸರು ಮಾತ್ರ ನಾಲ್ಕು ತಾಲೂಕಿಗೆ ಗೊತ್ತು. ನಾನು ಚಿಕ್ಕಂದಿನಲ್ಲಿ ಒಮ್ಮೆಯೂ ಕೊಬ್ಬರಿ ಕಿತ್ತವನಲ್ಲ. ಹೋರಿ ಬಂತು ಎಂದು ಮೈಕಿನಲ್ಲಿ ಕೂಗುವ ಮೊದಲೇ ನಾನು ಬಂಡಿ ಹತ್ತಿರುತ್ತಿದ್ದೆ. ಆದರೂ ಆ ದಿನ ಬಂತೆಂದರೆ ಈಗಲೂ ಎದೆ ಡವಡವ ಎನ್ನುತ್ತದೆ.

ನಮ್ಮೂರಲ್ಲಿ ಹಬ್ಬ ನಡೆಯುವುದು ಹಾಲಮ್ಮನ ಹೊಲದಲ್ಲಿ. ಬೇರೆಲ್ಲ ಕಡೆ ಭತ್ತದ ಗದ್ದೆ, ಬದುವಿಗೆ ಎಡವಿದರೆ ಹೋರಿಯ ಕಾಲು ಮುರಿಯುತ್ತದೆ. ಹಾಲಮ್ಮನದು ಅಂಗೈಯಂಥ ಹೊಲ. ಅವಳದು ಕುರಿ ಸಾಕುವ ಮನೆತನ, ಗಂಡ ತೀರಿಕೊಂಡ ಮೇಲೆ ಹಿಂಡು ಕಾಯುವವಳು ಅವಳೇ. ಮೆಕ್ಕೆಜೋಳ ಮುರಿದ ಮೇಲೆ ಆ ಹೊಲದಲ್ಲಿ ಉಳಿಯುವ ಕೂಳೆ, ಬದುವಿನ ಹುಲ್ಲು, ಇವೇ ಅವಳ ಕುರಿಗಳಿಗೆ ಬೇಸಿಗೆ ಬರುವ ತನಕ ಮೇವು. ನಾನು ಹೇಳಹೊರಟ ಹಬ್ಬಕ್ಕೂ ಮೊದಲಿನ ವರ್ಷ, ಹಬ್ಬ ಮುಗಿದ ಮಾರನೆಯ ದಿನ ಎಂದಿನಂತೆ ಕುರಿ ಬಿಟ್ಟಿದ್ದಳು. ವಾರ ಕಳೆಯುವುದರೊಳಗೆ ಎರಡು ಕುರಿ ಮೇವು ಬಿಟ್ಟವು, ಹೊಟ್ಟೆ ಉಬ್ಬರಿಸಿ ಸತ್ತವು. ಒಂದು ಗಬ್ಬದ್ದು. ಕೊಯ್ದು ನೋಡಿದರೆ ಒಳಗೆ ನಮ್ಮ ಹಬ್ಬವೇ ಇತ್ತು. ಬಲೂನಿನ ರಬ್ಬರು, ರಿಬ್ಬನ್ನು, ಮಂಡಕ್ಕಿ ಕಟ್ಟಿಕೊಟ್ಟ ಪ್ಲಾಸ್ಟಿಕ್ ಚೀಲ.

ಹಾಗಾಗಿ ಮುಂದಿನ ಹಬ್ಬಕ್ಕೆ ಹೊಲ ಕೇಳಲು ಹೋದಾಗ ನಮ್ಮ ಹಬ್ಬದ ಕಮಿಟಿಯವರೆಲ್ಲ ಒಬ್ಬರ ಹಿಂದೆ ಒಬ್ಬರು ಅಡಗಿ ನಿಂತಿದ್ದೆವು. ಹಾಲಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಹೊಲ ಕೊಡ್ತೀನಿ. ಊರ ಹಬ್ಬ ನಿಲ್ಸಿದ ಪಾಪ ನಂಗ್ ಬ್ಯಾಡ," ಎಂದಳು. "ಆದ್ರೆ ಮಾರ್ನೇ ದಿನ ಮುಂಜಾನೆ ನನ್ನ ಕುರಿ ಅಲ್ಲೇ ಇಳೀತಾವು. ಬ್ಯಾರೆ ಮೇವಿಲ್ಲ ನನ್ಹತ್ರ. ಇನ್ನೊಂದು ಕುರಿ ಸತ್ರೆ ಈ ಹೊಲಕ್ಕ ಮುಳ್ಳು ಬೇಲಿ ಬೀಳ್ತತಿ. ಹೋರಿ ಹಂಗಿರ್ಲಿ, ನಿಮ್ಮ ನೆಳ್ಳೂ ಒಳಗ ಬರಬಾರ್ದು."

ಅಲ್ಲಿಂದ ಹೊರಟ ಕಮಿಟಿ ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂತು, ಕಸದ ಡಬ್ಬ ಇಡತಕ್ಕದ್ದು ಎಂದು ತೀರ್ಮಾನಿಸಿತು. ಇಡುವವರು ಯಾರು? ಅಧ್ಯಕ್ಷ ಬಸಣ್ಣ ಸುತ್ತಲೂ ನೋಡಿ ನನ್ನ ಮೇಲೆ ಕಣ್ಣು ನಿಲ್ಲಿಸಿದ. "ಮಲ್ಲಣ್ಣಾರು ಇದಾರಲ್ರೀ. ಪಾತ್ರೆ ಅಂಗಡಿ. ಡಬ್ಬಾನೂ ಪಾತ್ರೆನೂ ಒಂದ ಬಳಗ." ಎಲ್ಲರೂ ತಲೆದೂಗಿದರು. ಬಟ್ಟೆ ಅಂಗಡಿಯವನಿಗೆ ಶಾಮಿಯಾನ, ಪಾತ್ರೆ ಅಂಗಡಿಯವನಿಗೆ ಕಸದ ಡಬ್ಬ. ಮುಖ ಸಪ್ಪಗೆ ಮಾಡಿಕೊಂಡು ಒಪ್ಪಿದೆ. ಆದರೆ ನಿಜ ಹೇಳುತ್ತೇನೆ, ಬೈಕು ಹತ್ತಿ ಆನವಟ್ಟಿ ಮುಟ್ಟುವಷ್ಟರಲ್ಲಿ ನನಗೆ ಒಳಗೊಳಗೇ ಖುಷಿ ಶುರುವಾಗಿತ್ತು. ಜೀವಮಾನದಲ್ಲಿ ಮೊದಲ ಬಾರಿಗೆ ಹೋರಿ ಹಬ್ಬದಲ್ಲಿ ಬಂಡಿಯಿಂದ ಕೆಳಗೆ ಇಳಿದು ಮಾಡುವಂಥ ಕೆಲಸವೊಂದು ನನಗೆ ಸಿಕ್ಕಿತ್ತು.

ಮೊದಲು ಅಧ್ಯಯನ. ಗಿರಿಜಾಳನ್ನು ಕರೆದುಕೊಂಡು ಗುಡವಿಯ ಪಕ್ಷಿಧಾಮಕ್ಕೆ ಹೋದೆ. ಮದುವೆಯಾದ ಹೊಸತರಿಂದ ಗುಡವಿಯ ಹಕ್ಕಿ ತೋರಿಸಿ ಎಂದು ಕೇಳುತ್ತಿದ್ದವಳು, ಸೊರಬದ ಕಡೆಯ ಹೆಣ್ಣಾಗಿಯೂ ಅವಳು ನೋಡಿರಲಿಲ್ಲ. ಪಾಪ, ಹೊಸ ಸೀರೆ ಉಟ್ಟಿದ್ದಳು. ಕೆರೆಯ ಮರಗಳ ಮೇಲೆ ಬೆಳ್ಳಕ್ಕಿ, ಕೆಂಬರಲು ಗಿಜಿಗುಡುತ್ತಿದ್ದವು. ಅವಳು "ಅಗಳ್ರೀ, ಮರೀಗೆ ಗುಟುಕು ಕೊಡ್ತಿದೆ!" ಎಂದು ಹಿಗ್ಗುತ್ತಿದ್ದರೆ ನಾನು ಕೆರೆಗೆ ಬೆನ್ನು ಹಾಕಿ, ಚಿಪ್ಸ್ ತಿನ್ನುತ್ತಿದ್ದ ಒಂದು ಸಂಸಾರವನ್ನು ನೋಡುತ್ತಿದ್ದೆ. ಅಂದು ನನಗೆ ಕಂಡದ್ದು ಇಷ್ಟು. ತಿಂಡಿ ತುಂಬಿದ ಪೊಟ್ಟಣವನ್ನು ಮನುಷ್ಯ ಊರಿನಿಂದ ಊರಿಗೆ ಸಲೀಸಾಗಿ ಹೊತ್ತು ತರುತ್ತಾನೆ. ಅದೇ ಪೊಟ್ಟಣ ಖಾಲಿಯಾದ ಕೂಡಲೇ ಭಾರವಾಗುತ್ತದೆ. ಹೆಜ್ಜೆ ಹೆಜ್ಜೆಗೂ ಭಾರ ಏರುತ್ತದೆ. ಆ ಸಂಸಾರದ ಯಜಮಾನ ಡಬ್ಬದ ದಿಕ್ಕಿಗೆ ಹೊರಟವನೇ, ಅರ್ಧ ದಾರಿಯಲ್ಲಿ ಆ ಭಾರ ತಾಳಲಾರದೆ ಪೊಟ್ಟಣವನ್ನು ಕಲ್ಲಿನ ಸಂದಿಗೆ ಸಿಕ್ಕಿಸಿ, ಯಾರೂ ನೋಡಲಿಲ್ಲ ಎಂದು ಖಚಿತಪಡಿಸಿಕೊಳ್ಳಲು ತಿರುಗಿದ. ನಾನು ನೋಡುತ್ತಿದ್ದೆ. ಇಬ್ಬರಿಗೂ ಮುಜುಗರವಾಯಿತು. ಪಾಪ, ಮತ್ತೆ ಎತ್ತಿಕೊಂಡು ಹೋಗಿ ಡಬ್ಬಕ್ಕೆ ಹಾಕಿದ. ಬರುವಾಗ ಗಿರಿಜಾ ಬೈಕಿನ ಹಿಂದೆ ಕೂತು ದಾರಿಯುದ್ದಕ್ಕೂ ಮಾತಾಡಲಿಲ್ಲ. ನಾನು ಅದನ್ನು ಹಕ್ಕಿ ನೋಡಿದ ತೃಪ್ತಿ ಎಂದುಕೊಂಡೆ.

ಡಬ್ಬ ಎಲ್ಲಿಡಬೇಕು ಎಂಬುದು ತಿಳಿಯಿತು. ಎಲ್ಲಿ ಪೊಟ್ಟಣ ಖಾಲಿಯಾಗುತ್ತದೋ ಅಲ್ಲಿ. ಎಂಥ ಡಬ್ಬ ಎಂಬುದು ಮುಂದಿನ ಪ್ರಶ್ನೆ. ಮುಚ್ಚಳವಿದ್ದರೆ ಚೆಂದ, ನೊಣ ಕೂರುವುದಿಲ್ಲ ಎಂದು ನಾನು ಅಂಗಡಿಯ ದೊಡ್ಡ ದೊಡ್ಡ ಹಿಟ್ಟಿನ ಡಬ್ಬಗಳನ್ನು ಇಳಿಸಿಟ್ಟೆ. ಗಿರಿಜಾ ಅಂದು ಮೊದಲ ಬಾರಿಗೆ ಬಾಯಿ ಬಿಟ್ಟಳು. "ಅಲ್ಲ ಮಾರಾಯ್ರೆ, ಮುಚ್ಚಳ ಎತ್ತೋರ್ಯಾರು? ಇನ್ನೊಬ್ರು ಎಂಜಲು ಕೈಲಿ ಮುಟ್ಟಿದ್ದನ್ನ ನೀವು ಮುಟ್ತೀರಾ?" ಮುಟ್ಟುವುದಿಲ್ಲ. ನಾನೂ ಮುಟ್ಟುವುದಿಲ್ಲ, ನೀವೂ ಮುಟ್ಟುವುದಿಲ್ಲ. ನಮ್ಮ ಜನ ಕೊಳಕಿಗೆ ಅಷ್ಟು ಹೆದರುವುದಿಲ್ಲ, ಎಂಜಲಿಗೆ ಹೆದರುತ್ತೇವೆ. ಹಿಟ್ಟಿನ ಡಬ್ಬಗಳು ಮರಳಿ ಅಟ್ಟ ಹತ್ತಿದವು. ಅಗಲ ಬಾಯಿಯ ನೀಲಿ ಡ್ರಮ್ಮುಗಳನ್ನು ಅರ್ಧಕ್ಕೆ ಕೊಯ್ಸಿ ತಂದೆ.

ನೀಲಿ ಬಣ್ಣ ನೋಡಿ ಹೋರಿಯವರು ಗಲಾಟೆ ಎಬ್ಬಿಸಿದರು. ಹೋರಿ ಬೆದರುತ್ತದಂತೆ. ಡಂಗುರ, ತಮಟೆ, ಪಟಾಕಿ, ಸಾವಿರಾರು ಜನರ ಕೇಕೆ ಇವಕ್ಕೆಲ್ಲ ಜಗ್ಗದ ಹೋರಿ ನನ್ನ ನೀಲಿ ಡ್ರಮ್ಮಿಗೆ ಬೆದರುತ್ತದೆಯೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಹೋರಿ ಸಾಕಿದವನ ಎದುರು ಹೋರಿಯ ಸ್ವಭಾವದ ಬಗ್ಗೆ ಮಾತಾಡುವುದು, ತಾಯಿಯ ಎದುರು ಮಗುವಿನ ಬಣ್ಣದ ಬಗ್ಗೆ ಮಾತಾಡಿದ ಹಾಗೆ. ಡ್ರಮ್ಮುಗಳಿಗೆಲ್ಲ ಸುಣ್ಣ ಬಳಿಸಿದೆ. ಮಂಡಕ್ಕಿ ಮೆಣಸಿನಕಾಯಿ ಅಂಗಡಿಯವರಿಗೆ ಕಾಗದದಲ್ಲೇ ಕಟ್ಟಿಕೊಡಿ ಎಂದು ಕೈಮುಗಿದು ಹೇಳಿದೆ. ಅರ್ಧ ಜನ ಕೇಳಿದರು.

ಈ ನಡುವೆ ನನಗೆ ಡಬ್ಬಗಳ ಮೇಲೆ ಏನಾದರೂ ಬರೆಸುವ ಉಮೇದು ಬಂತು. ತಾಳಗುಂದದ ಮಗ್ಗುಲಲ್ಲಿ ಹುಟ್ಟಿದವನಿಗೆ ಏನನ್ನಾದರೂ ಊರ್ಜಿತ ಮಾಡಬೇಕೆಂದರೆ ಬರೆಸಬೇಕು ಎನಿಸುವುದು ಸಹಜ. ಅಲ್ಲಿಯ ಹಳೆಯ ಶಾಸನದ ಕಂಬದ ಮೇಲೆ ಬರೆಸಿದವರ ವೈಭವ ಹೋಯಿತು, ಬರಹ ಉಳಿಯಿತು. ಹಳೆಯ ದಾನಶಾಸನಗಳ ಕೊನೆಗೆ ಒಂದು ಶಾಪ ಇರುತ್ತದೆ, ನೋಡಿದ್ದೀರೋ ಇಲ್ಲವೋ. ಈ ಧರ್ಮವನ್ನು ಕೆಡಿಸಿದವನು ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬರ್ಥದ ಶಾಪ. ಕಸದ ಡಬ್ಬಕ್ಕೆ ಇದಕ್ಕಿಂತ ಒಪ್ಪುವ ಒಕ್ಕಣೆ ಇನ್ನೊಂದಿಲ್ಲ ಎಂದು ನನಗೆ ಅನ್ನಿಸಿತು. ಬಸಣ್ಣ ಹೌಹಾರಿದ. "ಹಬ್ಬಕ್ಕ ಬಂದೋರಿಗೆ ಶಾಪ ಹಾಕ್ತೀರೇನ್ರೀ? ಬೀಗ್ರು ಬಿಜ್ಜರು ಬರ್ತಾರ." ಕೊನೆಗೆ 'ಕಸ ಇಲ್ಲಿ ಹಾಕಿರಿ' ಎಂದಷ್ಟೇ ಬರೆಸಿದ್ದಾಯಿತು. ಶಾಸನ ಸಾಹಿತ್ಯಕ್ಕೆ ನನ್ನ ಕೊಡುಗೆ ಅಲ್ಲಿಗೆ ಮುಗಿಯಿತು.

ಹಬ್ಬದ ದಿನ ಬೆಳಕು ಹರಿಯುವ ಮೊದಲೇ ಎದ್ದೆ. ಡ್ರಮ್ಮುಗಳೆಲ್ಲ ಆಗಲೇ ಹೊಲದಲ್ಲಿ ತಂತಮ್ಮ ಜಾಗದಲ್ಲಿ ನಿಂತಿದ್ದವು. ನಾನು ಮಂಡಕ್ಕಿ ಅಂಗಡಿಗಳ ಸಾಲು ಸರಿಮಾಡಿಸಲು ರಸ್ತೆಯ ಬದಿಗೆ ಹೋದೆ. ವಾಪಸು ಬರುವಷ್ಟರಲ್ಲಿ, ಏನು ಹೇಳಲಿ, ನನ್ನ ಡಬ್ಬಗಳ ಕಳೆಯೇ ಬದಲಾಗಿತ್ತು. ಒಂದೊಂದರ ಹಣೆಗೂ ಮೂರು ಎಳೆ ವಿಭೂತಿ. ನಡುವೆ ಕುಂಕುಮ. ಕೊರಳಿಗೆ ಚೆಂಡುಹೂವಿನ ಮಾಲೆ. ಬುಡದಲ್ಲಿ ಊದುಬತ್ತಿ ಹೊಗೆಯಾಡುತ್ತಿತ್ತು, ಮುಂದೆ ಒಡೆದ ತೆಂಗಿನಕಾಯಿ. ಬಸಣ್ಣ ಮಡಿಯುಟ್ಟು ಕೊನೆಯ ಡಬ್ಬಕ್ಕೆ ಮಂಗಳಾರತಿ ಎತ್ತುತ್ತಿದ್ದ.

"ಹೊಸಾ ಸಾಮಾನು. ಪೂಜೆ ಇಲ್ದೆ ಹೆಂಗ್ ಬಳಸ್ತೀರಿ?" ಎಂದ, ನಾನು ಮಾಡಬೇಕಾದ್ದನ್ನು ಮರೆತೆನೆಂಬ ದನಿಯಲ್ಲಿ.

ಅವನದು ತಪ್ಪೆಂದು ನಾನು ಹೇಳಲಾರೆ. ಹೊಸ ಟ್ರ್ಯಾಕ್ಟರಿಗೆ ಪೂಜೆ, ಹೊಸ ಪಂಪ್‌ಸೆಟ್ಟಿಗೆ ಪೂಜೆ. ಅಷ್ಟೇಕೆ, ದೀಪಾವಳಿಯಲ್ಲಿ ತಿಪ್ಪೆಗೇ ಹೂವಿಟ್ಟು ಪೂಜೆ ಮಾಡುವ ಜನ ನಾವು. ಯೋಚಿಸಿದರೆ, ನಮ್ಮ ಹಿರಿಯರಿಗೆ ಕಸವೆಂಬುದೇ ಇರಲಿಲ್ಲ, ತಿಪ್ಪೆ ಇತ್ತು. ಮನೆಯಿಂದ ಹೊರಬಿದ್ದದ್ದೆಲ್ಲ ತಿಪ್ಪೆಗೆ ಹೋಗಿ, ಗೊಬ್ಬರವಾಗಿ, ಹೊಲಕ್ಕೆ ಹೋಗಿ, ಕಾಳಾಗಿ ಮನೆಗೆ ಬರುತ್ತಿತ್ತು. ಹಾಗೆ ತಿರುಗಿ ಬರುವುದಕ್ಕೆ ಕೈಮುಗಿಯುವುದು ನ್ಯಾಯವೇ. ತಿರುಗಿ ಬಾರದ ಈ ಬಲೂನು, ಚೀಲಗಳು ನಮ್ಮ ಲೆಕ್ಕದೊಳಗೆ ಬಂದದ್ದು ಮೊನ್ನೆ ಮೊನ್ನೆ. ಇವಕ್ಕೇನು ಮಾಡಬೇಕೆಂದು ಯಾವ ಅಜ್ಜಿಯೂ ಹೇಳಿಕೊಟ್ಟಿಲ್ಲ. ಹಾಗಾಗಿ ಗೊತ್ತಿದ್ದದ್ದನ್ನೇ ಬಸಣ್ಣ ಮಾಡಿದ. ಬಿಳಿ ಡ್ರಮ್ಮು, ವಿಭೂತಿ, ಹೂವು. ನನಗೂ ನೋಡಿ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ.

ಜನ ಬಂದರು. ಆನವಟ್ಟಿ ಬಸ್ಸಿನಲ್ಲಿ ಬಂದರು, ಬೈಕಿನಲ್ಲಿ ಮೂವರು ಮೂವರಾಗಿ ಬಂದರು, ಹೋರಿಗಳ ಜೊತೆ ಗಾಡಿಗಳಲ್ಲಿ ನಿಂತು ಬಂದರು. ಮೊದಲ ಹೋರಿ ಓಡುವ ಮೊದಲೇ ಮಂಡಕ್ಕಿ ಖರ್ಚಾಗತೊಡಗಿತು. ನಾನು ಒಂದು ಡಬ್ಬದ ಪಕ್ಕ ನಿಂತು ನನ್ನ ಮೊದಲ ಗಿರಾಕಿಗಾಗಿ ಕಾಯುತ್ತಿದ್ದೆ. ಒಬ್ಬ ಬಂದ. ಕೈಯಲ್ಲಿ ಖಾಲಿ ಚೀಲ. ಡಬ್ಬದ ಹತ್ತಿರ ಬಂದವನು ವಿಭೂತಿ ನೋಡಿ ನಿಂತ, ಚಪ್ಪಲಿ ಬಿಟ್ಟ, ನಮಸ್ಕಾರ ಮಾಡಿದ, ಚೀಲವನ್ನು ದೂರ ಎಸೆದು ಹೋದ. ಇನ್ನೊಬ್ಬ ಮುದುಕಪ್ಪ ಒಳಗೆ ಒಂದು ನಾಣ್ಯ ಹಾಕಿದ. ಒಬ್ಬ ತಾಯಿ ತನ್ನ ಕೂಸಿನ ಹಣೆಯನ್ನು ಡಬ್ಬಕ್ಕೆ ಮುಟ್ಟಿಸಿದಳು. ಡಬ್ಬಗಳ ಒಳಗೆ ಹೂವು, ಸುತ್ತಲೂ ಎಂಜಲು ಕಾಗದದ ರಾಶಿ. ನಾನು ಒಬ್ಬನನ್ನು ಹಿಡಿದು, ಇದು ಕಸದ ಡಬ್ಬ ಕಣಪ್ಪಾ, ಹಾಕು ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ವಿಭೂತಿ ಹಚ್ಚಿದ್ದರಾಗ ಎಂಜಲಾ ಹಾಕು ಅಂತೀರಲ್ರೀ ಯಜಮಾನ್ರೇ, ತಲಿಗಿಲಿ ನೆಟ್ಟಗೈತಿಲ್ಲ?" ಎಂದ.

ಹಾಗಿದ್ದರೆ ಒರೆಸಿಬಿಡೋಣ ಎಂದು ಬಸಣ್ಣನಿಗೆ ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು. "ಹಬ್ಬದ ದಿನ ಕುಂಕುಮ ಒರಸ್ತೀರಾ? ಹುಡುಗ್ರು ಕೊಂಬಿನ ಮುಂದ ನಿಂತಾರ. ಏನಾರ ಹೆಚ್ಚು ಕಮ್ಮಿ ಆದ್ರೆ?" ಒರೆಸಲು ನನ್ನ ಕೈಯೂ ಏಳಲಿಲ್ಲ. ಹೊಲದ ತುಂಬ ಗಾಳಿಗೆ ಚೀಲಗಳು ಉರುಳಾಡುತ್ತಿದ್ದವು. ನಾಳೆ ಬೆಳಿಗ್ಗೆ ಇದೇ ನೆಲಕ್ಕೆ ಬಾಯಿ ಹಾಕುವ ಕುರಿಗಳು ನನ್ನ ಕಣ್ಣಮುಂದೆ ಬಂದವು. ಡಬ್ಬಗಳನ್ನು ಅಷ್ಟು ಪ್ರೀತಿಯಿಂದ ಮಾಡಿಸಿದವನು ನಾನು, ಅವು ದೇವರಾಗಿ ನಿಂತರೆ ನಾನು ಯಾರಿಗೆ ಹೇಳಲಿ?

ಗಿರಿಜಾಳನ್ನು ಹುಡುಕಿಕೊಂಡು ಹೋಗಿ ಎಲ್ಲ ಹೇಳಿದೆ. ಅವಳು ಮಂಡಕ್ಕಿ ತಿನ್ನುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಅಷ್ಟೇಯಾ? ಕದಲಿಸಿಬಿಡಿ."

"ಏನು?"

"ಮನೇಲಿ ಕಳಸ ಇಟ್ಟು ಗೌರಿ ಪೂಜೆ ಮಾಡ್ತೀವಲ್ರೀ. ಮುಗಿದ ಮೇಲೆ ಸ್ವಲ್ಪ ಕದಲಿಸ್ತೀವಿ, ಹೋಗಿ ಬಾ ತಾಯಿ ಅಂತೀವಿ. ಆಮೇಲೆ ಅದೇ ತಂಬಿಗೇಲಿ ನೀವು ನೀರು ಕುಡಿಯಲ್ವಾ? ತಂಬಿಗೆ ಮಾರೋರಿಗೆ ಇದೂ ಗೊತ್ತಿಲ್ವಾ ಮಾರಾಯ್ರೆ?"

ನನಗೆ ಅವಳ ಕಾಲಿಗೆ ಬೀಳೋಣ ಅನ್ನಿಸಿತು. ಜನ ಇದ್ದರು, ಬೀಳಲಿಲ್ಲ. ಪೂಜೆ ಒರೆಸಬಾರದು, ನಿಜ, ಆದರೆ ಪೂಜೆ ಮುಗಿಸಬಹುದಲ್ಲ! ಓಡಿದೆ. ಈ ವಯಸ್ಸಿನಲ್ಲಿ ನಾನು ಹಾಗೆ ಓಡಿದ್ದನ್ನು ನೋಡಿದವರು, ಹಿಂದೆ ಹೋರಿ ಬಿಟ್ಟಿದ್ದಾರೆ ಎಂದುಕೊಂಡು ದಾರಿ ಬಿಟ್ಟರಂತೆ. ಬಸಣ್ಣನಿಗೆ ಮಾತು ಕೂಡಲೇ ತಲೆಗೆ ಹೋಯಿತು. ಮರಳಿ ಮಡಿಯಾದ. ಹಬ್ಬದಲ್ಲಿ ಮೈಕು ಹಿಡಿದು ಹೋರಿಗಳ ಹೆಸರು ಕೂಗುವವನು ಚನ್ನವೀರ, ಅವನ ದನಿಗೆ ಸತ್ತವನೂ ಎದ್ದು ಶಿಳ್ಳೆ ಹಾಕುತ್ತಾನೆ. ಅವನಿಗೂ ವಿಷಯ ಹೇಳಿದೆ.

ತಮಟೆ ನಿಂತಿತು. "ಎಲ್ರೂ ಕೇಳ್ರೆಪ್ಪೋ!" ಎಂದು ಚನ್ನವೀರ ಮೈಕಿನಲ್ಲಿ ಕೂಗಿದ. "ಈಗ ಅಧ್ಯಕ್ಷರು ಡಬ್ಬಾ ಕದಲಿಸ್ತಾರ! ಪೂಜೆ ಮುಗೀತತಿ! ಮುಗಿದ ಮ್ಯಾಲ ಅದು ಬರೇ ಡಬ್ಬಾ! ಎಂಜಲಾ ಹಾಕ್ರಿ, ಚೀಲಾ ಹಾಕ್ರಿ, ಪಾಪ ಇಲ್ಲಾ, ದೋಷ ಇಲ್ಲಾ!" ಬಸಣ್ಣ ಒಂದೊಂದು ಡಬ್ಬಕ್ಕೂ ಕೈಮುಗಿದು, ಎರಡೂ ಕೈಯಿಂದ ಹಿಡಿದು ಉತ್ತರದ ಕಡೆ ಒಂದಿಷ್ಟು ಸರಿಸಿ, "ಹೋಗಿ ಬಾರಪ್ಪಾ" ಎಂದ. ಕಸದ ಡಬ್ಬಕ್ಕೆ ಅಷ್ಟು ಭಕ್ತಿಯಿಂದ ಹೋಗಿ ಬಾ ಎಂದವರು ಜಗತ್ತಿನಲ್ಲಿ ಬೇರೆ ಯಾರೂ ಇರಲಾರರು. ಜನ ಸುಮ್ಮನೆ ನಿಂತು ನೋಡಿದರು. ಕೆಲವರು ಚಪ್ಪಲಿ ಬಿಟ್ಟಿದ್ದರು.

ಕದಲಿಸಿದ್ದೇನೋ ಆಯಿತು, ಮೊದಲು ಹಾಕುವವರು ಯಾರು? ಎಲ್ಲರೂ ಇನ್ನೊಬ್ಬರ ಮುಖ ನೋಡಿದರು. ಆಗ ಗಿರಿಜಾ ಗುಂಪು ಸರಿಸಿಕೊಂಡು ಬಂದಳು. ಹಣೆ ತುಂಬ ವಿಭೂತಿ, ಸೋಮವಾರ ತಪ್ಪದೆ ಒಪ್ಪೊತ್ತು ಮಾಡುವವಳು. ಮಂಡಕ್ಕಿ ತಿಂದ ಕಾಗದವನ್ನು ಉಂಡೆ ಮಾಡಿ ಡಬ್ಬದ ಬಾಯಿಗೆ ಬಿಟ್ಟಳು.

"ಬಿತ್ತು ನೋಡ್ರೆಪ್ಪೋ ಬಿತ್ತು! ಆನವಟ್ಟಿ ಅಕ್ಕಾರು ಹಾಕಿದ್ರು! ನಮ್ಮ ಹೊಟ್ಟೆಬಾಕ ನುಂಗಿದಾ!" ಎಂದು ಚನ್ನವೀರ ಕೂಗಿದ್ದೇ ತಡ, ಹೊಲವೆಲ್ಲ ಶಿಳ್ಳೆ. ಅವನಿಗೆ ಹುಕಿ ಬಂತು. ಹೋರಿಗಿಟ್ಟ ಹಾಗೆ ಒಂದೊಂದು ಡಬ್ಬಕ್ಕೂ ಹೆಸರಿಟ್ಟ. ರಸ್ತೆ ಕಡೆಯದು ಹೊಟ್ಟೆಬಾಕ, ಕಬ್ಬಿನಹಾಲಿನ ಅಂಗಡಿಯ ಪಕ್ಕದ್ದು ಬ್ಯಾಡ ಅನ್ನದ ಸರದಾರ, ಶಾಮಿಯಾನದ ಹತ್ತಿರದ್ದು ಎಂಜಲ ಹುಲಿ. ಹೋರಿ ಬರುವ ನಡುನಡುವೆ ಡಬ್ಬಗಳ ವರದಿ. "ಎಂಜಲ ಹುಲಿ ಹೊಟ್ಟಿ ಖಾಲಿ ಐತಿ, ಶಿಕಾರಿಪುರದೋರು ಏನ್ ಮಾಡ್ತೀರಿ? ಸೊರಬದೋರು ಸರದಾರನ್ನ ತುಂಬಿಸ್ಯಾರ!" ತಾಲೂಕಿನ ಮಾನದ ಪ್ರಶ್ನೆ ಬಂದ ಮೇಲೆ ಕೇಳಬೇಕೆ? ನೆಲದ ಮೇಲೆ ಬಿದ್ದದ್ದನ್ನೂ ಹೆಕ್ಕಿ ತಂದು ಹಾಕತೊಡಗಿದರು. ದೂರದಿಂದ ಗುರಿಯಿಟ್ಟು ಎಸೆಯುವವರು, ತಪ್ಪಿದರೆ ಓಡಿಹೋಗಿ ಎತ್ತಿ ಹಾಕುವವರು. ಡ್ರಮ್ಮು ತುಂಬಿದರೆ ಬರಿದುಮಾಡಲು ನಾಲ್ಕು ಜನ ಮುಂದೆ. ನನಗೆ ಮೈಯೆಲ್ಲ ಪುಳಕ. ಯಾವ ಹೋರಿ ಗೆದ್ದಿತು, ಯಾವುದು ಸೋತಿತು, ಒಂದೂ ನನಗೆ ಗೊತ್ತಿಲ್ಲ.

ಒಂದು ಹೋರಿಯನ್ನು ಮಾತ್ರ ಮರೆಯಲಾರೆ. ಅದು ಎಲ್ಲರ ಕೈಗೂ ತಪ್ಪಿಸಿಕೊಂಡು, ಇನ್ನೇನು ದಾಟಿತು ಅನ್ನುವಾಗ ಗಕ್ಕನೆ ನಿಂತು, ಕೊನೆಯ ಡಬ್ಬದ ಕೊರಳಿನ ಚೆಂಡುಹೂವಿನ ಮಾಲೆಯನ್ನು ನಿಧಾನವಾಗಿ ತಿನ್ನತೊಡಗಿತು. ಹುಡುಗರು ಬಂದು ಆರಾಮಾಗಿ ಕೊಬ್ಬರಿ ಬಿಚ್ಚಿಕೊಂಡರು. ಹೋರಿಯವನು ನನ್ನ ಎದುರು ಬಂದು ನಿಂತು, "ನಾಕ್ ತಾಲೂಕಿನಾಗ ಯಾರ ಕೈಗೂ ಸಿಗದ ಹೋರಿ. ನಿಮ್ಮ ಕಸದ ಡಬ್ಬಾ ಹಿಡೀತು!" ಎಂದ. ಬೆದರಲಿಲ್ಲವಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಹಬ್ಬ ಮುಗಿಯುತ್ತ ಬಂದಾಗ ನನ್ನ ಯೋಜನೆಯ ತೂತು ಕಂಡಿತು. ಜನರ ಕೈಯಲ್ಲಿ ಇರುವುದಕ್ಕೆಲ್ಲ ನಾನು ಡಬ್ಬ ಇಟ್ಟಿದ್ದೆ. ಹೋರಿಯ ಕೊಂಬಿನಿಂದ ಉದುರುವುದಕ್ಕೆ? ಓಣಿಯುದ್ದಕ್ಕೂ ಒಡೆದ ಬಲೂನಿನ ಚೂರು, ರಿಬ್ಬನ್ನಿನ ಎಳೆ, ತುಳಿತಕ್ಕೆ ಸಿಕ್ಕಿ ಮಣ್ಣಿನಲ್ಲಿ ಹೂತುಹೋಗಿದ್ದವು. ಹೋರಿಗೆ ಕಸದ ಡಬ್ಬ ತೋರಿಸುವವರು ಯಾರು? ನಾನು ಮಂಡಿಯೂರಿ ಹೆಕ್ಕಲು ಕೂತೆ. ಬೆಳಕು ಇಳಿಯುತ್ತಿತ್ತು. ನನ್ನನ್ನು ನೋಡಿದ ಚನ್ನವೀರ ಮೈಕ್ ಸೆಟ್ಟು ಬಿಚ್ಚುವುದನ್ನು ನಿಲ್ಲಿಸಿ ಮತ್ತೆ ಮೈಕು ಹಿಡಿದ. ಈ ಬಾರಿ ಕೂಗಲಿಲ್ಲ, ಮಾತಾಡಿದ. "ಕೊಬ್ಬರಿ ಕಿತ್ತೋರೆಲ್ಲ ಒಂದೀಟು ವಾಪಸ್ ಬರ್ರಪ್ಪ. ಹೋದ್ಸಾರಿ ಹಾಲಮ್ಮನ ಕುರಿ ಸತ್ತಿದ್ದು ಇವನ್ನ ತಿಂದು." ಅಷ್ಟೇ. ಹೋರಿಯ ಮುಂದೆ ಎದೆಕೊಟ್ಟು ನಿಂತಿ‍ದ್ದ ಹುಡುಗರು ಸಾಲಾಗಿ ಬಂದು ಓಣಿಯಲ್ಲಿ ಕುಕ್ಕರುಗಾಲಲ್ಲಿ ಕೂತರು. ಕತ್ತಲಾಗುವ ಮೊದಲು ಉಗುರಿನಿಂದ ಕೆರೆದು ಕೆರೆದು ತೆಗೆದರು.

ಮಾರನೆಯ ದಿನ ಮುಂಜಾನೆ ಹೊಲದ ಬದುವಿಗೆ ಹೋಗಿ ನಿಂತೆ. ಬಸಣ್ಣನೂ ಬಂದಿದ್ದ. ಹಾಲಮ್ಮ ಹಿಂಡು ಹೊಡೆದುಕೊಂಡು ಬಂದಳು. ಕುರಿಗಳನ್ನು ಬದುವಿನ ಆಚೆಗೇ ತಡೆದು, ತಾನೊಬ್ಬಳೇ ಬರಿಗಾಲಲ್ಲಿ ಒಳಗಿಳಿದಳು. ತಲೆ ಬಗ್ಗಿಸಿ ಓಣಿಯುದ್ದಕ್ಕೂ ನಡೆದಳು, ಅಂಗಡಿಗಳಿದ್ದ ಜಾಗದಲ್ಲಿ ನಿಂತಳು, ಕಾಲಿನಿಂದ ಮಣ್ಣು ಕೆದರಿದಳು. ಅವಳು ಬಗ್ಗಿದಾಗಲೆಲ್ಲ ನಾನೂ ಬದುವಿನ ಮೇಲಿಂದ ಬಗ್ಗಿ ನೋಡುತ್ತಿದ್ದೆ. ಒಮ್ಮೆ ಏನನ್ನೋ ಎತ್ತಿದಳು. ನೋಡಿ ಬಿಸಾಡಿದಳು. ಚೆಂಡುಹೂವು. ಆಮೇಲೆ ತಿರುಗಿ, ನಾಲಿಗೆಯಲ್ಲಿ ಒಂದು ಸದ್ದು ಮಾಡಿದಳು. ಕುರಿಗಳು ಬದು ಹಾರಿ ದುಡುದುಡು ಒಳಗಿಳಿದವು.

ಅವಳು ನಮ್ಮ ಹತ್ತಿರ ಬಂದಾಗ ಹೊಗಳುತ್ತಾಳೇನೋ ಎಂದು ನಾನು ಆಸೆಯಿಂದ ನಿಂತಿದ್ದೆ. ಹಾಲಮ್ಮ ಸೆರಗಿನ ಗಂಟು ಬಿಚ್ಚಿದಳು. ಮಂಡಕ್ಕಿ ತಿಂದ ಒಂದು ಪ್ಲಾಸ್ಟಿಕ್ ಚೀಲ, ಸಣ್ಣದಾಗಿ ಮಡಚಿದ್ದು, ಅದನ್ನು ನನ್ನ ಅಂಗೈಗೆ ಹಾಕಿದಳು.

"ಹಿಡೀರಿ. ನಿನ್ನಿಯಿಂದ ಕಟ್ಕಂಡು ತಿರುಗ್ತಿದ್ದೀನಿ," ಎಂದಳು. "ಮುಂದಿನ ವರ್ಷ ಆ ಬೇವಿನ ಬುಡಕ್ಕೊಂದು ಡಬ್ಬಾ ಇಡ್ರಿ. ಅಲ್ಲಿಂದ ಹೋರಿ ಛಲೋ ಕಾಣ್ತಾವು."

ಬಸಣ್ಣ ಜೋರಾಗಿ ನಕ್ಕುಬಿಟ್ಟ. ಅವಳಾಗಲೇ ಕುರಿಗಳ ಹಿಂದೆ ಹೊರಟಿದ್ದಳು. ನಾನು ಚೀಲವನ್ನು ಜೇಬಿಗೆ ಹಾಕಿಕೊಂಡು ಬೇವಿನ ಮರದವರೆಗೆ ನಡೆದೆ. ಬುಡದಲ್ಲಿ ಅವಳು ಕೂತಿರಬಹುದಾದ ಜಾಗದಲ್ಲಿ ಕೂತು ನೋಡಿದೆ, ಡಬ್ಬವನ್ನು ಯಾವ ಮಗ್ಗುಲಿಗೆ ಇಟ್ಟರೆ ಓಡಿಬರುವ ಹೋರಿ ಅವಳಿಗೆ ಮರೆಯಾಗುವುದಿಲ್ಲ ಎಂದು.